ಹಸಿರು ಕಾರಿನ ಬಲಮಗ್ಗುಲು

ಐವತ್ತು ತುಂಬಿದ ವರ್ಷ ನನಗೆ ಹಿಂದಿನ ಸೀಟೇ ಇಲ್ಲದ ಒಂದು ಕಾರು ಬೇಕು ಅನ್ನಿಸಿತು. ಇಪ್ಪತ್ತು ವರ್ಷದ ಹತ್ತಿರ ವ್ಯಾನ್ ಓಡಿಸಿದವಳು ನಾನು. ಅದರಲ್ಲಿ ನನ್ನ ಮಗ, ಮಗನ ಸ್ನೇಹಿತರು, ಅವರ ಒದ್ದೆ ಈಜುಬಟ್ಟೆ, ಕನ್ನಡ ಶಾಲೆಯ ಬಿಸಿಬೇಳೆಬಾತಿನ ಪಾತ್ರೆ, ಯಾರದೋ ಮನೆಯ ಪೂಜೆಯ ಬಾಳೆಕಂಬ ಎಲ್ಲವೂ ಓಡಾಡಿವೆ. ಬೆಲ್ಟ್ ಹಾಕಿಕೊಂಡೆಯಾ, ಚಿಪ್ಸ್ ಚೆಲ್ಲಬೇಡ ಎಂದು ಹಿಂದಕ್ಕೆ ತಿರುಗಿ ತಿರುಗಿ ಕತ್ತೇ ಒಂದು ಕಡೆಗೆ ವಾಲಿಹೋಗಿತ್ತು. ಮಗ ಓದಲು ಆಸ್ಟಿನ್‌ಗೆ ಹೋದ. ಮರುದಿನ ಡಾಲಸ್ ಪಕ್ಕದ ಲಾಸ್ ಕೊಲಿನಾಸ್‌ನ ಆಫೀಸಿಗೆ ಆ ಖಾಲಿ ವ್ಯಾನ್ ಓಡಿಸಿಕೊಂಡು ಹೋಗುವಾಗ, ಸಿಗ್ನಲ್ಲಿನಲ್ಲಿ ನಿಂತು ಅಭ್ಯಾಸಬಲದಿಂದ ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅವತ್ತೇ ಈ ಆಸೆ ಹುಟ್ಟಿದ್ದು.

ನನ್ನವರಿಗೆ ಹೇಳಿದೆ. ಅವರು ಧಾರವಾಡದವರು, ಮಾತು ಕಮ್ಮಿ. "ಎರಡ ಸೀಟಿನ ಕಾರ್ ತಗೊಂಡ್ರ ಕಾಯಿಪಲ್ಲೆ ಎಲ್ಲೆ ಇಡತಿ?" ಎಂದು ಕೇಳಿದರು. ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ ಎಂದೆ. ಅಲ್ಲಿಗೆ ಚರ್ಚೆ ಮುಗಿಯಿತು.

ಕಾರು ಸಿಕ್ಕಿದ್ದು ಮೊಬೈಲಿನಲ್ಲಿ, ಹ್ಯೂಸ್ಟನ್ ಕನ್ನಡಿಗರ ಗುಂಪಿನಿಂದ ನಮ್ಮ ಡಾಲಸ್ ಗುಂಪಿಗೆ ಯಾರೋ ತಳ್ಳಿದ ಒಂದು ಸಂದೇಶದಲ್ಲಿ. ಹ್ಯೂಸ್ಟನ್ ಪಕ್ಕದ ಕೇಟಿ ಊರಿನಲ್ಲಿರುವ ಹಿರಿಯ ದಂಪತಿ ಮನೆ ಖಾಲಿ ಮಾಡಿ, ಮಗಳ ಹತ್ತಿರ ಇರಲು ಆಸ್ಟಿನ್‌ಗೆ ಶಿಫ್ಟ್ ಆಗುತ್ತಿದ್ದರು. ಸೋಫಾ ಇಷ್ಟಕ್ಕೆ, ವೆಟ್ ಗ್ರೈಂಡರ್ ಅಷ್ಟಕ್ಕೆ, ತುಳಸಿ ಗಿಡ ಸುಮ್ಮನೆ. ಕೊನೆಯಲ್ಲಿ ಒಂದು ಕಡುಹಸಿರು ಸ್ಪೋರ್ಟ್ಸ್ ಕಾರು. ಅದರ ಮುಂದೆ ಮಾತ್ರ ಬೆಲೆ ಇರಲಿಲ್ಲ.

ಆ ಕಾರಿನ ಜಾತಕ ಹೀಗೆ. ಬಹಳ ಹಿಂದಿನ ಒಂದು ಇಂಗ್ಲಿಷ್ ಕಾರಿನ ನಕಲು ಅದು. ಅಸಲು ಕಾರಿಗೆ ನಮ್ಮಂಥವರು ಕೈ ಹಾಕುವ ಹಾಗಿಲ್ಲ. ಅದಕ್ಕೇ ಕೆಲವು ಕಂಪನಿಗಳು ಅದರದೇ ರೂಪದ ಫೈಬರ್ ಬಾಡಿಯನ್ನೂ ಬಿಡಿಭಾಗಗಳನ್ನೂ ಪೆಟ್ಟಿಗೆಗಳಲ್ಲಿ ಕಳಿಸುತ್ತವೆ. ಕೊಂಡವರು ಯಾವುದಾದರೂ ಎಂಜಿನ್ ತಂದು, ತಮ್ಮ ಗ್ಯಾರೇಜಿನಲ್ಲೇ ವರ್ಷಗಟ್ಟಲೆ ಕೂತು ಜೋಡಿಸಿಕೊಳ್ಳಬೇಕು. ಹೀಗಾಗಿ ಇಂಥ ಕಾರಿಗೆ ಇಷ್ಟೇ ಬೆಲೆ ಎಂದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಜೋಡಿಸಿದವನ ಕೈ ಹೇಗಿದೆಯೋ ಬೆಲೆಯೂ ಹಾಗೆ.

ಒಂದು ಶನಿವಾರ ಇಬ್ಬರೂ ಕೇಟಿಗೆ ಹೋದೆವು. ಅಂಕಲ್ ಎಪ್ಪತ್ತರ ಆಸುಪಾಸಿನವರು, ತೈಲ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು. ಕಣ್ಣು ಮಂಜಾಗುತ್ತಿರುವುದರಿಂದ ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಆಂಟಿ ಗಿಡ್ಡ, ಚುರುಕು, ಕೂತಲ್ಲಿ ಕೂರುವವರಲ್ಲ. ನಾವು ಶೂ ಬಿಚ್ಚುವುದರೊಳಗೆ ಉಪ್ಪಿಟ್ಟು, ಕೇಸರಿಬಾತ್ ಬಂತು. ನನ್ನವರು ಕಿವಿಯಲ್ಲಿ, "ಕನ್ಯಾ ನೋಡ್ಲಿಕ್ಕೆ ಬಂದಂಗ ಆತಲ" ಎಂದರು. ಹಾಗೆಯೇ ಇತ್ತು. ಆಮೇಲೆ ಗ್ಯಾರೇಜಿನ ಬಾಗಿಲು ಎದ್ದಿತು, ಹುಡುಗಿ ಹೊರಗೆ ಬಂದಳು.

ಇಲ್ಲಿ ನನ್ನ ತಾಯಿಯ ವಿಷಯ ಹೇಳಬೇಕು. ಮೈಸೂರಿನ ಮಾರ್ಕೆಟ್ಟಿನಲ್ಲಿ ಅವಳು ಚೌಕಾಸಿಗೆ ನಿಂತರೆ ಪಕ್ಕದ ಅಂಗಡಿಯವರು ವ್ಯಾಪಾರ ನಿಲ್ಲಿಸಿ ನೋಡುತ್ತಿದ್ದರು. ಅವಳು ನನಗೆ ಕಲಿಸಿದ್ದು ಇಷ್ಟು: ಇಷ್ಟವಾದದ್ದು ಮುಖದಲ್ಲಿ ಕಾಣಬಾರದು. ಒಂದು ಹುಳುಕು ಹುಡುಕಿ ನಾಲ್ಕು ಜನಕ್ಕೆ ಕೇಳುವಂತೆ ಗಟ್ಟಿಯಾಗಿ ಹೇಳಬೇಕು. ಆಮೇಲೆ ಹೊರಟುಬಿಡಬೇಕು. ಕರೆದೇ ಕರೆಯುತ್ತಾರೆ. ಸೀರೆಗೂ ಸೀಬೆಹಣ್ಣಿಗೂ ಇದೇ ಶಾಸ್ತ್ರ. ಡಾಲಸ್‌ನಲ್ಲಿ ಮನೆ ಕೊಂಡಾಗಲೂ ನಾನು ಇದನ್ನೇ ಮಾಡಿದ್ದೆ, ಏಜೆಂಟ್ ಹೆಂಗಸು ಬೆವರಿಹೋಗಿದ್ದಳು. ನನ್ನವರಿಗೆ ಮಾತ್ರ ಇದೆಲ್ಲ ಆಗದು. ನಾನು ಚೌಕಾಸಿ ಶುರು ಮಾಡಿದರೆ ಅವರು ನನ್ನನ್ನು ಕಂಡೇ ಇಲ್ಲ ಎನ್ನುವಂತೆ ದೂರ ಹೋಗಿ ನಿಲ್ಲುತ್ತಾರೆ.

ಅವತ್ತು ಆ ಶಾಸ್ತ್ರವೆಲ್ಲ ಕೈಕೊಟ್ಟಿತು. ಅಂಕಲ್ ಬಲಗಡೆಯ ಸೀಟಿನಲ್ಲಿ ಕೂತು ದಾರಿ ತೋರಿಸಿದರು, ನಾನು ಓಡಿಸಿದೆ. ಗಾಳಿ ಎದೆಗೇ ಬಡಿಯಿತು. ರಸ್ತೆ ಕೈಗೆ ಸಿಗುವಷ್ಟು ಹತ್ತಿರ. ಕನ್ನಡಿಯಲ್ಲಿ ಹಿಂದಿನ ಸೀಟು ಕಾಣಲಿಲ್ಲ, ಬರೀ ಆಕಾಶ ಕಂಡಿತು. ಮೂರು ಬೀದಿ ಸುತ್ತಿ ಬಂದು ಇಳಿದೆ. ಆದಷ್ಟು ಹುಳಿ ಮುಖ ಮಾಡಿಕೊಂಡೆ. ನನ್ನವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಲಗಡೆಯ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತರು, ನನ್ನ ಕಡೆ ಒಮ್ಮೆ ನೋಡಿದರು, ಆಮೇಲೆ ಕೇಸರಿಬಾತ್ ಇನ್ನೂ ಇದೆಯೇ ಎಂದು ಕೇಳಲು ಒಳಗೆ ಹೋದರು.

ಬೆಲೆಯ ಮಾತು ಬಂತು. ನೀವೇ ಹೇಳಿ ಅಂಕಲ್ ಎಂದೆ. ನೀವೇ ಹೇಳಿಯಮ್ಮ, ನೀವೇನು ಹೊರಗಿನವರೇ ಎಂದರು. ಛೇ, ಕಟ್ಟಿದವರು ನೀವು, ನೀವೇ ಹೇಳಬೇಕು ಎಂದೆ. ತಗೊಳ್ಳುವವರು ನೀವು, ನಿಮ್ಮ ಮನಸ್ಸಿಗೆ ಬಂದದ್ದು ಹೇಳಿ ಎಂದರು. ಸೋಫಾಕ್ಕೆ, ಗ್ರೈಂಡರಿಗೆ ಡಾಲರಿನ ಲೆಕ್ಕ ಬರೆದ ಮನುಷ್ಯ ಕಾರಿನ ಮುಂದೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಕನ್ನಡದವರು ಕನ್ನಡದವರಿಗೆ ಏನಾದರೂ ಮಾರುವುದೆಂದರೆ ಇದೇ ಪಾಡು. ಕಾಫಿ ಕುಡಿದು, ಯೋಚನೆ ಮಾಡಿ ಹೇಳುತ್ತೇವೆ ಎಂದು ಡಾಲಸ್‌ಗೆ ವಾಪಸು ಬಂದೆವು.

ಮುಂದಿನ ವಾರ ಮಗನನ್ನು ನೋಡಲು ನಾನೊಬ್ಬಳೇ ಆಸ್ಟಿನ್‌ಗೆ ಹೋಗಿದ್ದೆ. ಅಲ್ಲಿ ಇಂಥ ಕಾರುಗಳನ್ನೇ ರಿಪೇರಿ ಮಾಡುವ ಒಬ್ಬ ಗಡ್ಡದವನಿದ್ದಾನೆ ಎಂದು ಮಗ ಕರೆದುಕೊಂಡು ಹೋದ. ಸಲಹೆಗೆ ಅವನು ಫೀಸ್ ಕೇಳಿದ, ನಾನು ಫೀಸಿಗೂ ಚೌಕಾಸಿ ಮಾಡಿದೆ, ಮಗ ನಾಚಿಕೆಯಿಂದ ಅಂಗಡಿಯ ಹೊರಗೆ ಹೋಗಿ ನಿಂತ. ಗಡ್ಡದವನು ಕೇಟಿಯಲ್ಲಿ ನಾನು ಫೋನಿನಲ್ಲಿ ತೆಗೆದಿದ್ದ ಫೋಟೋಗಳನ್ನೆಲ್ಲ ಹಿಗ್ಗಿಸಿ ನೋಡಿದ. ಎಂಜಿನ್ ಕೆಲಸ ಬಹಳ ಅಚ್ಚುಕಟ್ಟು ಎಂದ. ಎಡಗಡೆಯ ಫೋಟೋದಲ್ಲಿ ಪಕ್ಕದ ಬೇಲಿಯ ಪ್ರತಿಬಿಂಬ ಬಣ್ಣದ ಮೇಲೆ ನೆಟ್ಟಗೆ ಬಿದ್ದಿತ್ತು. ಬಲಗಡೆಯ ಫೋಟೋದಲ್ಲಿ ಆ ಕಡೆಯ ಬೇಲಿ ಕೆರೆಯ ನೀರಿನಲ್ಲಿ ಕಾಣುವ ಹಾಗೆ ಬಳುಕುತ್ತಿತ್ತು. ಬಣ್ಣ ಹೊಡೆಯುವ ಮುಂಚೆ ಬಾಡಿಯನ್ನು ಸಮ ಉಜ್ಜಿಲ್ಲ, ಅದಕ್ಕೇ ಅಲೆ ಎದ್ದಿದೆ ಎಂದ. ಎರಡೂ ಕಡೆ ನೆಟ್ಟಗಿದ್ದರೆ ಇಪ್ಪತ್ತೆರಡು ಸಾವಿರ ಡಾಲರ್ ಕೊಡಬಹುದು, ಹೀಗಿರುವಾಗ ಹದಿನೆಂಟರ ಮೇಲೆ ಹೋಗಬೇಡ ಎಂದ.

ನನಗೆ ಖುಷಿಯಾಯಿತು. ನನ್ನ ಹತ್ತಿರ ತೆಗೆದಿಟ್ಟಿದ್ದೂ ಹದಿನೆಂಟೇ. ಅದರ ಮೇಲೆ ಇದ್ದದ್ದು ಅಡುಗೆಮನೆಯ ಕಟ್ಟೆ ಬದಲಾಯಿಸಲು ಇಟ್ಟ ದುಡ್ಡು. ತಾಯಿ ಹೇಳಿದ ಹುಳುಕು ತಾನಾಗಿ ಕೈಗೆ ಸಿಕ್ಕಿತ್ತು. ಇದನ್ನು ನನ್ನವರಿಗೆ ಹೇಳಲಿಲ್ಲ. ಅವರು ಆಯಕಟ್ಟಿನ ಹೊತ್ತಿನಲ್ಲಿ ಬಾಯಿಬಿಟ್ಟು ಎಲ್ಲ ಕೆಡಿಸುತ್ತಾರೆ ಎಂಬ ಭಯ.

ಮತ್ತೆ ಕೇಟಿಗೆ ಹೋದೆವು. ಆ ಹೊತ್ತಿಗೆ ಅರ್ಧ ಮನೆ ಖಾಲಿಯಾಗಿ, ಪೆಟ್ಟಿಗೆಗಳು ಗೋಡೆಗೆ ಒರಗಿದ್ದವು. ನನ್ನವರು ಅಂಕಲ್‌ನ ಪುಸ್ತಕದ ಬೀರುವನ್ನು ಬಿಚ್ಚಿ ಕಟ್ಟಲು ಕೂತರು. ಆಂಟಿ ಅಡುಗೆಮನೆಯಲ್ಲಿ ಮಜ್ಜಿಗೆಹುಳಿಗೆ ರುಬ್ಬುತ್ತಿದ್ದರು, ಗ್ರೈಂಡರ್ ಇನ್ನೂ ಮಾರಾಟವಾಗಿರಲಿಲ್ಲ. ಗ್ಯಾರೇಜಿನಲ್ಲಿ ನಾನು, ಅಂಕಲ್ ಇಬ್ಬರೇ. ಮಧ್ಯದ ಬಾಗಿಲು ತೆರೆದಿತ್ತು. ಶಾಸ್ತ್ರಪ್ರಕಾರ ಕಾರಿನ ಬಲಗಡೆಗೆ ಹೋಗಿ, ಮೂಗು ಮುರಿದು, ಗಂಟಲೆತ್ತಿ ಶುರು ಮಾಡಿದೆ.

"ಇದೇನು ಅಂಕಲ್, ಈ ಕಡೆ ಬಾಡಿ ಪೂರ್ತಿ ಅಲೆ ಅಲೆ ಇದೆಯಲ್ಲ. ಯಾರು ಉಜ್ಜಿದ್ದು ಇದನ್ನ?"

ಅಂಕಲ್ ನಡೆದುಹೋಗಿ ಅಡುಗೆಮನೆಯ ಕಡೆಯ ಬಾಗಿಲನ್ನು ಸದ್ದಾಗದಂತೆ ಹಾಕಿ ಬಂದರು.

"ಸ್ವಲ್ಪ ಮೆಲ್ಲಗೆ ಕಣಮ್ಮ," ಎಂದರು. "ಅದು ಅವಳು ಮಾಡಿದ್ದು. ಅವಳಿಗೆ ಗೊತ್ತಿಲ್ಲ."

ಆಮೇಲೆ ಎಲ್ಲ ಹೇಳಿದರು, ಮಗ್ಗುಲಿನ ಸ್ಟೂಲಿನ ಮೇಲೆ ಕೂತು, ಬಾಗಿಲ ಕಡೆ ಒಂದು ಕಣ್ಣಿಟ್ಟು. ತೈಲದ ಬೆಲೆ ಬಿದ್ದು ಕಂಪನಿಗಳು ಜನರನ್ನು ಮನೆಗೆ ಕಳಿಸುತ್ತಿದ್ದ ವರ್ಷ ಅವರ ಕೆಲಸ ಹೋಯಿತಂತೆ. ಕಾರಿನ ಪೆಟ್ಟಿಗೆಗಳನ್ನು ಅದಕ್ಕೂ ಮುಂಚೆ, ಕೈಯಲ್ಲಿ ಕಾಸಿದ್ದಾಗ ತರಿಸಿ, ಬಿಚ್ಚದೆ ಇಟ್ಟಿದ್ದರು. ಕೆಲಸ ಹೋದ ಮೇಲೆ ಅವರು ಮಾತೇ ಬಿಟ್ಟರು. ಮಧ್ಯಾಹ್ನವೆಲ್ಲ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದರು. ಆಂಟಿ ಮಕ್ಕಳನ್ನು ನೋಡಿಕೊಳ್ಳುವ ಡೇಕೇರ್ ಒಂದರಲ್ಲಿ ಕೆಲಸಕ್ಕೆ ಸೇರಿದ್ದರು. ಒಂದು ದಿನ ಕೆಲಸದಿಂದ ಬಂದವರೇ ಹಳೆಯ ನೈಟಿ ತೊಟ್ಟು, ಗ್ಯಾರೇಜಿಗೆ ಹೋಗಿ, ಅಷ್ಟೂ ಪೆಟ್ಟಿಗೆ ಒಡೆದು, ಇದರಲ್ಲಿ ಮೊದಲು ಏನು ಮಾಡಬೇಕು ಹೇಳಿ ಎಂದು ಕೂಗಿದರಂತೆ. ಆ ಕೂಗಿಗೆ ಇವರು ಎದ್ದರು. ದಿನಾ ಸಂಜೆ ಇಬ್ಬರೂ ಉಜ್ಜಲು ಕೂತರು. ಎಡಗಡೆ ಇವರದು, ಬಲಗಡೆ ಅವರದು. ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ ಉಜ್ಜಬೇಕು, ಆಗಲೇ ಸಮ ಬರುವುದು. ಆಂಟಿ ಅದನ್ನು ಅಂಗೈಯಲ್ಲೇ ಹಿಡಿದು, ಹಬ್ಬಕ್ಕೆ ಹಿತ್ತಾಳೆ ಪಾತ್ರೆ ಹುಣಿಸೆಹಣ್ಣಲ್ಲಿ ತಿಕ್ಕುವ ಹಾಗೆ ಸುತ್ತಿ ಸುತ್ತಿ ತಿಕ್ಕಿದರು. ಬಣ್ಣ ಆಗುವ ತನಕ ತಪ್ಪು ಯಾರಿಗೂ ಕಾಣಲಿಲ್ಲ. ಬಣ್ಣವಾಗಿ ಬಿಸಿಲಿಗೆ ತಂದಾಗ ಎಲ್ಲ ಕಂಡಿತು.

"ಹೇಗಿದೆ ಅಂತ ಕೇಳಿದಳು. ನಿನ್ನ ಕಡೆನೇ ಚೆನ್ನಾಗಿ ಬಂದಿದೆ ಅಂದೆ. ಒಂದ್ಸಲ ಅಂದಮೇಲೆ ಮುಗೀತಲ್ಲಮ್ಮ."

ಅವತ್ತಿನಿಂದ ಎಲ್ಲಿ ಹೋದರೂ ಅಂಕಲ್ ಆ ಕಾರನ್ನು ಬಲಮಗ್ಗುಲು ಗೋಡೆಗೋ ಪೊದೆಗೋ ಮುಖ ಮಾಡುವಂತೆ ನಿಲ್ಲಿಸುತ್ತಿದ್ದರಂತೆ. ಆಂಟಿಯನ್ನು ಮೊದಲೇ ಇಳಿಸಿ, ಆಮೇಲೆ ಕಾರನ್ನು ಗೋಡೆಗೆ ಒತ್ತುವುದು. ಯಾರಾದರೂ ಕಾರು ನೋಡಲು ಬಂದು ಆ ಕಡೆ ಬಗ್ಗಿದರೆ ಎಂಜಿನ್ ತೋರಿಸುತ್ತೇನೆ ಬನ್ನಿ ಎಂದು ಈಚೆಗೆ ಎಳೆಯುವುದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಈ ಮನುಷ್ಯ ಹೆಗ್ಗಣವೆಂದು ಗೊತ್ತಿದ್ದೂ ಇಷ್ಟು ವರ್ಷ ಮುದ್ದಿಸಿದ್ದರು.

ಬೆಲೆ ಎಷ್ಟು ಬೇಕಾದರೂ ಇಳಿಸಿ ಎಂದು ನನಗೆ ಹೇಳಿದರು. ಆದರೆ ಯಾಕೆ ಇಳಿಯಿತು ಎಂದು ಅವಳು ಕೇಳೇ ಕೇಳುತ್ತಾಳೆ, ಆಗ ಬಲಗಡೆಯ ಹೆಸರು ಎತ್ತಬೇಡಿ, ಸೀಟಿನ ಚರ್ಮ ಹರಿದಿದೆ ಎಂದುಬಿಡಿ ಎಂದು ಕಾರಣವನ್ನೂ ಅವರೇ ಕೊಟ್ಟರು.

ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಆಂಟಿ ಗ್ರೈಂಡರ್ ಆರಿಸಿದರು. ಮೊದಲ ಸಲ ಬಂದಾಗ ನೀವು ಎನ್ನುತ್ತಿದ್ದವರು ಅಷ್ಟು ಹೊತ್ತಿಗೆ ನೀನು ಎಂಬಲ್ಲಿಗೆ ಬಂದಿದ್ದರು.

"ಅಂಕಲ್ ಬಾಗಿಲು ಹಾಕಿದ್ರಲ್ಲ," ಎಂದರು. "ಬಲಗಡೆ ಮಾತು ಬಂತಾ?"

ನಾನು ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದೆ.

"ನನಗೇನು ಕಣ್ಣಿಲ್ವಾ? ನಾನು ಹತ್ತಿ ಇಳಿಯೋ ಬಾಗಿಲು ಅದು. ಇಳಿದಾಗಲೆಲ್ಲ ಕೈ ಇಡ್ತೀನಿ. ಎಲ್ಲೆಲ್ಲಿ ಹಳ್ಳ, ಎಲ್ಲೆಲ್ಲಿ ದಿಣ್ಣೆ ಅಂತ ಬಾಯಿಪಾಠ ಆಗಿದೆ."

ಹಾಗಾದರೆ ಅವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಆ ವರ್ಷ ಪೂರ್ತಿ ಮನುಷ್ಯ ನಕ್ಕಿರಲಿಲ್ಲ ಕಣೇ. ನಿನ್ನ ಕಡೆನೇ ಚೆನ್ನಾಗಿ ಬಂದಿದೆ ಅಂತ ಹೇಳಿ ನಕ್ಕರು. ಸುಳ್ಳು ಅಂತ ಆಗಲೇ ಗೊತ್ತಾಯ್ತು. ನಗು ನಿಜ ಇತ್ತಲ್ಲ."

ನನಗೆ ಅಳು ಬಂತು. ಚೌಕಾಸಿಗೆ ಬಂದವಳು ಹೀಗೆ ಅಳುವುದನ್ನು ನನ್ನ ತಾಯಿ ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಸಿಂಕಿನ ಕಡೆ ತಿರುಗಿ, ತೊಳೆದ ಕೈಯನ್ನೇ ಇನ್ನೊಮ್ಮೆ ತೊಳೆದೆ. ಬೆನ್ನ ಹಿಂದೆ ಆಂಟಿ ವ್ಯವಹಾರಕ್ಕೆ ಇಳಿದರು. ಡೊಂಕು ಬಾಡಿಗೆ ನೆಟ್ಟಗಿನ ದುಡ್ಡು ಕೊಟ್ಟು ನೀನು ಮೋಸ ಹೋಗಬೇಡ, ಬೆಲೆ ಇಳಿಸಿ ಕೇಳು, ಮಳೆ ಬಂದರೆ ಮೇಲಿನ ಕ್ಯಾನ್ವಾಸ್ ಸೋರುತ್ತದೆ ಅನ್ನು, ನನಗೆ ಗೊತ್ತಿದೆ ಎಂಬುದು ಮಾತ್ರ ಅವರಿಗೆ ಗೊತ್ತಾಗಬಾರದು ಎಂದರು.

ಊಟದ ಮೇಜಿನ ಸುತ್ತ ನಾಲ್ವರೂ ಕೂತೆವು. ಬೀರು ಬಿಚ್ಚಿ ಬಂದ ನನ್ನವರಿಗೆ ಇದಾವುದೂ ಗೊತ್ತಿರಲಿಲ್ಲ. ನನ್ನ ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಂಕಲ್ ನನ್ನನ್ನೇ ನೋಡುತ್ತಿದ್ದರು, ಆಂಟಿಯೂ ನನ್ನನ್ನೇ ನೋಡುತ್ತಿದ್ದರು. ಹದಿನೆಂಟು ಎಂದರೆ ಕಾರಣ ಹೇಳಬೇಕು. ಸೀಟಿನ ಹೆಸರು ಹೇಳಿದರೆ, ಗಂಡ ಬಾಗಿಲು ಹಾಕಿಕೊಂಡು ಇವಳಿಗೆ ಏನೋ ಹೇಳಿಕೊಟ್ಟಿದ್ದಾರೆ ಎಂದು ಆಂಟಿಗೆ ತಿಳಿಯುತ್ತದೆ. ಕ್ಯಾನ್ವಾಸ್ ಸೋರುತ್ತದೆ ಎಂದರೆ, ಬಿಸಿಲಿನಲ್ಲಿ ಮಾತ್ರ ಕಾರು ನೋಡಿದ ಇವಳಿಗೆ ಅದು ಹೇಗೆ ಗೊತ್ತಾಯಿತು, ಹೆಂಡತಿ ಯಾಕೆ ಹೇಳಿದಳು ಎಂದು ಅಂಕಲ್ ಯೋಚಿಸುತ್ತಾರೆ. ಎಂಜಿನಿಯರ್ ತಲೆ, ಒಂದು ಎಳೆ ಸಿಕ್ಕಿದರೆ ಕೊನೆಯವರೆಗೂ ಎಳೆಯುತ್ತದೆ. ಜೀವಮಾನವಿಡೀ ಹುಳುಕು ಹುಡುಕಿದ ನನಗೆ ಅವತ್ತು ಆ ಹಳೆಯ ಕಾರಿನಲ್ಲಿ ಹೇಳಬಹುದಾದ ಒಂದೇ ಒಂದು ಹುಳುಕೂ ಸಿಗಲಿಲ್ಲ. ಯಾರನ್ನೂ ನೋಯಿಸದ ಬೆಲೆ ಒಂದೇ ಉಳಿದಿತ್ತು. ಅಡುಗೆಮನೆಯ ಕಟ್ಟೆಗೆ ಮನಸ್ಸಿನಲ್ಲೇ ಕೈ ಮುಗಿದೆ.

"ಇಪ್ಪತ್ತೆರಡು ಸಾವಿರ," ಎಂದೆ. "ಕಾರು ಎರಡೂ ಕಡೆ ಚೆನ್ನಾಗಿದೆ."

ನನ್ನವರ ಕೈಯಲ್ಲಿದ್ದ ಹಪ್ಪಳ ಮುರಿಯಿತು. ಮದುವೆಯಾದಾಗಿನಿಂದ ನಾನು ಯಾವುದಕ್ಕೂ ಪೂರ್ತಿ ಬೆಲೆ ಹೇಳಿದ್ದನ್ನು ಅವರು ಕೇಳಿರಲಿಲ್ಲ. ಅಂಕಲ್, ಆಂಟಿ ಇಬ್ಬರಿಗೂ ಗಾಬರಿ. ಅಷ್ಟೆಲ್ಲ ಜಾಸ್ತಿಯಾಯಿತು, ಸೀಟು ನೋಡಿಲ್ಲವೇ ನೀವು, ಚರ್ಮ ಹರಿದಿದೆ ಎಂದು ಅಂಕಲ್ ಶುರು ಮಾಡಿದರು. ಮೇಲಿನಿಂದ ಸೋರುತ್ತದೆ, ಹೋದ ಮಳೆಯಲ್ಲಿ ನನ್ನ ಸೀರೆ ಒದ್ದೆಯಾಗಿತ್ತು ಎಂದು ಆಂಟಿ ಸೇರಿಸಿದರು. ಚರ್ಮ ಹಳೆಯದಾದಷ್ಟೂ ಮೆತ್ತಗಿರುತ್ತದೆ ಎಂದೆ. ಡಾಲಸ್‌ನಲ್ಲಿ ಮಳೆಯೇ ಕಮ್ಮಿ ಎಂದೆ. ಗಂಡ ಹೆಂಡತಿ ತಮ್ಮ ಕಾರನ್ನು ತಾವೇ ಬೈದು ಬೆಲೆ ಇಳಿಸುತ್ತಾ ಹೋದರು, ನಾನು ಹೊಗಳಿ ಏರಿಸುತ್ತಾ ಹೋದೆ. ಹಾರ್ನ್ ಸರಿಯಿಲ್ಲ ಎಂಬಲ್ಲಿಂದ ಹಿಡಿದು ಚಕ್ರದ ತುಕ್ಕಿನ ತನಕ ಎಲ್ಲ ಹುಳುಕೂ ಮೇಜಿನ ಮೇಲೆ ಬಂತು, ಒಂದನ್ನು ಬಿಟ್ಟು. ಕೊನೆಗೆ ಆಂಟಿ ಸಾರಿನ ಸೌಟನ್ನು ಪಾತ್ರೆಗೆ ಕುಟ್ಟಿದರು.

"ಇಪ್ಪತ್ತು. ಇನ್ನು ಯಾರೂ ಮಾತಾಡಬೇಡಿ. ಅನ್ನ ಆರ್ತಾ ಇದೆ."

ಹೊರಡುವಾಗ ಆಂಟಿ ಕಾರಿನ ಮೂತಿಗೆ ಕುಂಕುಮ ಇಟ್ಟರು. ಅಂಕಲ್ ಕೀ ಕೊಟ್ಟು, ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. ಬಾಗಿಲ ಹತ್ತಿರ ಇಬ್ಬರೂ ನಿಂತಿದ್ದರು. ಅಂಕಲ್ ಹಣೆಯ ಬೆವರು ಒರೆಸಿಕೊಂಡರು, ಆಂಟಿ ನನ್ನ ಕಡೆ ನೋಡಿ ತುಟಿಯಂಚಿನಲ್ಲಿ ನಕ್ಕರು. ನಾನು ಕಾರಿನಲ್ಲಿ ಮುಂದೆ, ನನ್ನವರು ವ್ಯಾನಿನಲ್ಲಿ ಹಿಂದೆ, ಡಾಲಸ್ ತನಕ ಹಾಗೇ ಬಂದೆವು. ದಾರಿಯುದ್ದಕ್ಕೂ ಯಾವುದೋ ಮದುವೆಮನೆಯಿಂದ ಬಂದ ಹಾಗೆ ಮನಸ್ಸು ತುಂಬಿತ್ತು.

ಎಷ್ಟು ಕೇಳಿದರೂ ನನ್ನವರಿಗೆ ಕಾರಣ ಹೇಳಲಿಲ್ಲ. ಇಬ್ಬರಿಗೆ ಮಾತು ಕೊಟ್ಟಿದ್ದೆ. ಅಲ್ಲದೆ, ಎಲ್ಲವನ್ನೂ ಬಲ್ಲ ಚೌಕಾಸಿಯವಳು ಡೊಂಕು ಕಾರಿಗೆ ಮೇಲೆ ದುಡ್ಡು ಕೊಟ್ಟಳು ಎಂದು ಅವರಿಗೆ ತಿಳಿಯುವುದೂ ನನಗೆ ಬೇಕಿರಲಿಲ್ಲ. ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನ ನಮ್ಮ ಮನೆಯಲ್ಲಿ ಕಾರನ್ನು ಬಲಮಗ್ಗುಲು ಗ್ಯಾರೇಜಿನ ಗೋಡೆಗೆ ಒತ್ತುವಂತೆ ನಿಲ್ಲಿಸತೊಡಗಿದೆ. ನನ್ನವರು ಹೊರಗೇ ಇಳಿದು, ನಾನು ಕಾರು ಒಳಗೆ ಬಿಡುವ ತನಕ ಕಾಯಿಪಲ್ಲೆ ಚೀಲ ಹಿಡಿದು ನಿಂತಿರುತ್ತಿದ್ದರು. ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಡ್ರೈವ್‌ವೇಯಲ್ಲಿ ಕಾರು ತೊಳೆಯುತ್ತಿದ್ದೆವು. ಎಡಗಡೆ ನಾನು, ಬಲಗಡೆ ಅವರು. ಹಿಂದಿನ ದಿನವಷ್ಟೇ ಆಂಟಿ ಆಸ್ಟಿನ್‌ನಿಂದ ಫೋನ್ ಮಾಡಿ, ಅಂಕಲ್‌ಗೆ ಈಗ ಒಂದು ಕಣ್ಣು ಪೂರ್ತಿ ಮಂಜು, ಆದರೂ ಕಾರು ಹೇಗಿದೆ ಎಂದು ಕೇಳು ಅಂತ ದಿನಾ ಪೀಡಿಸುತ್ತಾರೆ ಎಂದಿದ್ದರು. ನನ್ನವರು ಬಟ್ಟೆ ಹಿಂಡಿ, ಬಾಗಿಲ ಮೇಲೆ ಕೈಯಾಡಿಸಿದರು.

"ಈ ಕಡೆ ಬಾಡಿ ಒಂಚೂರು ಅಲಿ ಅದ, ನೋಡೀಯೇನು?" ಎಂದರು. "ಮದಲನೇ ದಿನಾನ ನೋಡಿದ್ದೆ ನಾ."

ನನ್ನ ಕೈ ನಿಂತಿತು. ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ, ಮತ್ತೆ ಹಿಂಡಿದರು.

"ನೀ ಓಡಿಸಿಕೊಂಡು ಬಂದು ಇಳದಾಗ ನಿನ್ನ ಮಾರಿ ನೋಡಿದೆ. ಮಗ ಆಸ್ಟಿನ್‌ಗೆ ಹೋದ ಮ್ಯಾಲೆ ಹಂಗ ನೋಡೇ ಇರಲಿಲ್ಲ. ಹೇಳ್ಲಿಕ್ಕೆ ಮನಸ್ಸ ಬರಲಿಲ್ಲ."

ಆ ಹುಳಿ ಮುಖ ಮಾಡಲು ನಾನು ಎಷ್ಟು ಕಷ್ಟಪಟ್ಟಿದ್ದೆ. ನಾನು ಕಾರನ್ನು ಸುತ್ತಿ ಆ ಕಡೆಗೆ ಹೋದೆ. ಎಲ್ಲಿ ಎಂದು ಕೇಳಿದೆ. ಅವರು ನನ್ನ ಒದ್ದೆ ಅಂಗೈಯನ್ನು ಹಿಡಿದು ಬಾಗಿಲ ಕೆಳಭಾಗದಲ್ಲಿ ಇಟ್ಟರು. ಆಂಟಿಯ ಕೈ ತಿಕ್ಕಿ ತಿಕ್ಕಿ ಮಾಡಿದ ಹಳ್ಳದಲ್ಲಿ ನನ್ನ ಕೈ ಸರಿಯಾಗಿ ಕೂತಿತು.

"ಹೌದಲ್ಲ ರೀ," ಎಂದೆ. "ನನಗೆ ಗೊತ್ತೇ ಆಗಿರಲಿಲ್ಲ."